ಓರೆಗೆರೆ

ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲೊಂದು ಹಳೇ ಕಂಪ್ಯೂಟರು,
ಕಪ್ಪು ಪರದೆ, ಹಸಿರು ಅಕ್ಷರ, ಮಾಲೀಕರ ಅಪ್ಪ ಕೊಂಡದ್ದು.
ಎರಕದ ಲೆಕ್ಕ, ಸಂಬಳದ ಲೆಕ್ಕ, ಕ್ಯಾಂಟೀನಿನ ಚಿತ್ರಾನ್ನದ ಲೆಕ್ಕ
ಎಲ್ಲ ಅದರ ಹೊಟ್ಟೆಯಲ್ಲಿ.
ಬದಲಿಸೋಣ ಅಂದಾಗಲೆಲ್ಲ ಮಾಲೀಕರು ಕೈ ಮುಗಿಯುತ್ತಾರೆ,
ನನಗಲ್ಲ, ಅದಕ್ಕೆ.

ಅಂಥದರೊಳಕ್ಕೆ ತೈಚುಂಗ್‌ನಿಂದ ಬಂತು
ವಾಲ್ವುಗಳ ಪಟ್ಟಿ, ಸಾವಿರದ ಇನ್ನೂರು ಸಾಲು, ಚೀನೀ ಲಿಪಿ.
ಹದಿನೆಂಟರವರೆಗೆ ಸರಿ.
ಆಮೇಲೆ ಡಬ್ಬಿ, ಪ್ರಶ್ನೆ, ಡಬ್ಬಿ, ಡಬ್ಬಿ,
ಯಾರೋ ಮೊಳೆ ಚೆಲ್ಲಿಹೋದ ಹಾಗೆ.
'ಜೆಸಿಂತಾ ಮೇಡಂ, ಬೈದು ಬರೆದಿದಾರಾ?'
ಸ್ಟೋರಿನ ಹುಡುಗರಿಗೆ ನಗು.

ಭಾನುವಾರ ಬಲಿಪೂಜೆ ಮುಗಿಸಿ, ಅದೇ ಸೀರೆಯಲ್ಲಿ,
ಭದ್ರಾವತಿ ಬಸ್ಸು ಹತ್ತಿ ಬಂದು ಕೂತೆ.
ಹತ್ತೊಂಬತ್ತನೇ ಸಾಲಿನಲ್ಲಿ ನೀವಿದ್ದಿರಿ, ಶ್ಯೂ,
ತಪಾಸಣೆ ಮಾಡಿ ಸಹಿ ಹಾಕಿದವರ ಕಾಲಮ್ಮಿನಲ್ಲಿ.

ನಿಮ್ಮ ಅಕ್ಷರಕ್ಕೆ ಎರಡು ಅಂಕಿ:
ನೂರ ಎಪ್ಪತ್ತೊಂಬತ್ತು, ತೊಂಬತ್ತೆರಡು.
ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿದ ಹಾಗೆ
ಎರಡು ಸೇರಿದರೇ ಒಂದು ಹೆಸರು.
ಆದರೆ ತೊಂಬತ್ತೆರಡು ಅಂದರೆ
ನಮ್ಮ ಕಂಪ್ಯೂಟರಿಗೆ ಬರೀ ಓರೆಗೆರೆ,
ಓದಿ, ನುಂಗಿ, ಮುಂದೆ ಹೋಗು ಎಂಬ ಗುಟ್ಟಿನ ಸನ್ನೆ.
ನುಂಗಿತು.
ಒಂಟಿಯಾದ ನಿಮ್ಮ ಅರ್ಧ
ಪಕ್ಕದ ಅಕ್ಷರದ ಕೈ ಹಿಡಿಯಿತು,
ಅದರ ಜೋಡಿ ಅದರಾಚೆಯದನ್ನು.
ತಪ್ಪು ಮದುವೆಗಳ ಮೆರವಣಿಗೆ ಸಾಲಿನ ತುದಿವರೆಗೆ!

ನಗಬೇಡಿ. ನಮಗೂ ಇದು ಹೊಸದಲ್ಲ.
PÀ£ÀßqÀ ಅಂತ ಬಂದ ಕಾಗದ ನೋಡಿ
ಅಯ್ಯೋ ಇದು ಕನ್ನಡ, ಫಾಂಟು ಹಾಕು ಅಂತ
ಅಂದವರೇ ನಾವೆಲ್ಲ.
ನಮ್ಮ ತೂಕದ ಸೇತುವೆಯ ತೀರ್ಥಪ್ಪನನ್ನೇ ಕೇಳಿ.
ಯಾರೋ ಹಳೇ ಪಟ್ಟಿಯನ್ನು ಹೊಸ ಲಿಪಿಗೆ ಅರೆಬರೆ ತಿರುಗಿಸಿ
ಪಿಂಚಣಿ ಕಡತದಲ್ಲಿ ಅವನೀಗ ತೀಥðಪ್ಪ.
ಅರ್ಕಾವತ್ತಿನ ಜಾಗದಲ್ಲಿ ಐಸ್‌ಲ್ಯಾಂಡಿನ ಅಕ್ಷರ,
ಹಿಮದಿಂದ ಬಂದು ಕೂತಿದೆ, ಏಳುವುದಿಲ್ಲ.
'ನಾನು ತೀರ್ಥಹಳ್ಳಿ ಆಚೆಗೆ ಹೋದವನಲ್ಲ ಮೇಡಂ,
ನನ್ನ ಹೆಸರು ಎಲ್ಲೆಲ್ಲಿಗೆ ಹೋಗಿ ಬಂತು!'
ಹಣ ಬರಲಿಲ್ಲ. ಎರಡು ವರ್ಷ.

ಮಧ್ಯಾಹ್ನ ಮೂರರ ಹೊತ್ತಿಗೆ ಉಪಾಯ ಸಿಕ್ಕಿತು.
ಪುಸ್ತಕದಲ್ಲಲ್ಲ, ಹಸಿವಿನಲ್ಲಿ.
ನುಂಗುವ ಬಾಯಿಗೆ ಒಂದು ಗೆರೆ ಕೊಡುವುದು,
ನಿಮಗೊಂದು ಉಳಿಸುವುದು.
ತೊಂಬತ್ತೆರಡು, ಮತ್ತೆ ತೊಂಬತ್ತೆರಡು.
ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಯಿತು.
ಆಮೇಲೆ ನೀವು.
ಹನ್ನೊಂದು ಗೆರೆಗಳೂ ಇದ್ದವು, ಎಣಿಸಿದೆ.
ಓದಲು ಬಾರದ ಹೆಸರನ್ನು
ಸರಿಯಾಗಿದೆ ಅಂತ ಹೇಳುವ ಸಂತೋಷ
ಯಾರಿಗೆ ಹೇಳಲಿ, ಭಾನುವಾರ,
ವಾಚ್‌ಮನ್ ಬಿಟ್ಟರೆ ಯಾರೂ ಇಲ್ಲ.
ಅವನಿಗೇ ಹೇಳಿದೆ.
ಊಟ ಆಯ್ತಾ ಅಂದ.

ತೀರ್ಥಪ್ಪನದ್ದು ನೋಟರಿ ಬಗೆಹರಿಸಿದರು,
ಛಾಪಾ ಕಾಗದದ ಮೇಲೆ:
ತೀರ್ಥಪ್ಪ ಎಂಬುವನೂ ತೀಥðಪ್ಪ ಎಂಬುವನೂ
ಒಬ್ಬನೇ ವ್ಯಕ್ತಿ ಎಂದು ಪ್ರಮಾಣ ಮಾಡುತ್ತೇನೆ.
ಅವನೂ ಎರಡು ಸಲ ಬರೆಸಿಕೊಂಡೇ ಉಳಿದ.

ತಿಂಗಳು ಕಳೆದು ನಿಮ್ಮ ಪೆಟ್ಟಿಗೆಗಳು ಬಂದವು.
ಪೈನ್ ಹಲಗೆಯ ಮೇಲೆ ದಪ್ಪ ಕಪ್ಪು ಮಸಿಯಲ್ಲಿ
ಅದೇ ಅಕ್ಷರ, ನಿಮ್ಮ ಕೈಯದೇ ಇರಬೇಕು,
ಒಂದು ಗೆರೆ ಅವಸರದಲ್ಲಿ ಎಳೆದದ್ದು,
ಮಸಿ ಕೆಳಕ್ಕೆ ಸ್ವಲ್ಪ ಇಳಿದಿದೆ.
ನಾನು ಬೆರಳಿಟ್ಟು ತೋರಿಸಿದೆ: ಇವರೇ.
ತೀರ್ಥಪ್ಪ ಕನ್ನಡಕ ಒರೆಸಿ ನೋಡಿದ,
ಪೆಟ್ಟಿಗೆಯನ್ನು ತಕ್ಕಡಿಗೆ ಏರಿಸಿ, ಪೆನ್ನು ತೆಗೆದು ಕೇಳಿದ:
'ನಾನೂರ ಹನ್ನೆರಡು ಕೇಜಿ ಮೇಡಂ.
ಹೆಸರು ಸೇರಿಸಿ ಬರೀಲಾ,
ಬಿಟ್ಟು ಬರೀಲಾ?'